ಸಿಹಿಗೆಣಸಿನ ನಂಜುರೋಗಗಳು

ಸಂಕ್ರಾಂತಿಯಂದು ಅವರೆಕಾಯಿ, ಕಡಲೆಕಾಯಿಗಳೊಡನೆ ಬೇಯಿಸಿದ ಗೆಣಸನ್ನು ತಿನ್ನುವುದು ತುಮಕೂರು ಸೀಮೆಯ ರೂಢಿ. ರಾಜ್ಯದಲ್ಲಿ ಈ ಬೆಳೆಯ ಮುಖ್ಯ ನೆಲೆ ಬೆಳಗಾವಿ ಜಿಲ್ಲೆಯಾದರೂ, ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಲಾಗಿರುವ ಮಾರ್ಕೋನಹಳ್ಳಿ ಜಲಾಶಯದ ಸುತ್ತಿನಂತಹ ನೀರಾವರಿ ಪ್ರದೇಶಗಳಿಗೂ ಇದು ಒಗ್ಗುವ ಬೆಳೆ. ಸೆಪ್ಟೆಂಬರ್‌ನಲ್ಲಿ ನಾಟಿ ಮಾಡಿದ ಬಳ್ಳಿ 100ರಿಂದ 120 ದಿನಗಳಲ್ಲಿ ಬಲಿತು ಹಬ್ಬದ ಸಂತೆಗೆ ಒದಗುತ್ತದೆ.

ಬಳ್ಳಿ ಹುಲುಸಾಗಿ ಹಬ್ಬಿದ್ದರೂ ಅಗೆದಾಗ ಬೆರಳುಗಾತ್ರದ ಗೆಡ್ಡೆಗಳಷ್ಟೇ ದೊರೆಯುವುದುಂಟು. ಸಾರಜನಕ ಗೊಬ್ಬರ ಹೆಚ್ಚಾದರೂ, ನೆರಳು ಬಿದ್ದರೂ ಹೀಗಾಗಬಹುದು. ಆದರೆ ಒಂದೇ ಬಳ್ಳಿಯಿಂದ ವರ್ಷವರ್ಷವೂ ನಾಟಿ ಮಾಡುತ್ತ ಬಂದ ಹೊಲದಲ್ಲಿ ಇಳುವರಿ ಕ್ರಮೇಣ ಇಳಿಯುತ್ತಿದ್ದರೆ ನಂಜುರೋಗವನ್ನು ಶಂಕಿಸುವುದು ಸೂಕ್ತ.

ರೋಗದ ಲಕ್ಷಣಗಳು

ಭಾರತದಲ್ಲಿ ಸಿಹಿಗೆಣಸಿಗೆ ತಗಲುವ ನಂಜುಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು ಗರಿಮಚ್ಚೆ ನಂಜು. ಹಳೆಯ ಎಲೆಗಳ ನರಗಳ ಉದ್ದಕ್ಕೂ ಹಕ್ಕಿಯ ಗರಿಯನ್ನು ಹೋಲುವ ತಿಳಿ ಹಳದಿ ಗುರುತುಗಳು ಮೂಡುತ್ತವೆ; ಕೆಲವು ತಳಿಗಳಲ್ಲಿ ಈ ಮಚ್ಚೆಗಳ ಸುತ್ತ ನೇರಳೆ ಅಂಚು ಕಾಣುತ್ತದೆ. ಎರಡನೆಯದು ಎಲೆ ಮುಟುರು ನಂಜು. ಇದರಲ್ಲಿ ಎಳೆಯ ಎಲೆಗಳ ಅಂಚು ಮೇಲ್ಮುಖವಾಗಿ ಸುರುಳಿಗೊಳ್ಳುತ್ತದೆ. ಬಳ್ಳಿ ಬಲಿತಂತೆ ಈ ಮುದುರು ಮಾಯವಾಗುವುದರಿಂದ ರೋಗ ವಾಸಿಯಾಯಿತೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ನಂಜು ಬಳ್ಳಿಯಲ್ಲಿಯೂ ಗೆಡ್ಡೆಯಲ್ಲಿಯೂ ಉಳಿದಿರುತ್ತದೆ. ಕೊಯ್ಲಿನ ಹೊತ್ತಿಗೆ ಕಣ್ಣಿಗೆ ಆರೋಗ್ಯವಾಗಿ ತೋರುವ ಬಳ್ಳಿಯನ್ನೇ ಮುಂದಿನ ನಾಟಿಗೆ ಆರಿಸಿಕೊಳ್ಳುವುದರಿಂದ ಈ ರೋಗವು ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ.

ಒಂದೇ ನಂಜು ತಗಲಿದಾಗ ಹಾನಿ ಸಾಮಾನ್ಯವಾಗಿ ಮಿತವಾಗಿರುತ್ತದೆ. ಎರಡು ಕೂಡಿದರೆ ಪರಿಸ್ಥಿತಿ ಬೇರೆ. ಪೂರ್ವ ಆಫ್ರಿಕಾದ ಉಗಾಂಡಾ ಮೊದಲಾದ ದೇಶಗಳಲ್ಲಿ ಗರಿಮಚ್ಚೆ ನಂಜಿನೊಡನೆ ಬಿಳಿನೊಣ ಹರಡುವ ಮತ್ತೊಂದು ನಂಜು ಸೇರಿ, ಎಲೆಗಳು ಪಟ್ಟಿಯಂತೆ ಕಿರಿದಾಗಿ, ಗಿಡ ಕುಬ್ಜವಾಗಿ, ಬೆಳೆ ಬಹುತೇಕ ನಾಶವಾದದ್ದಿದೆ. ಬಿಳಿನೊಣದ ನಂಜು ಗಿಡದ ಸ್ವಾಭಾವಿಕ ರೋಗನಿರೋಧಕ ವ್ಯವಸ್ಥೆಯನ್ನು ಕುಂದಿಸುವುದರಿಂದ ಗರಿಮಚ್ಚೆ ನಂಜು ನೂರಾರು ಪಟ್ಟು ವೃದ್ಧಿಯಾಗುತ್ತದೆಂದು ಸಂಶೋಧನೆಗಳು ತೋರಿಸಿವೆ.

ಹರಡುವ ಬಗೆ

ಗರಿಮಚ್ಚೆ ನಂಜನ್ನು ಸಸ್ಯಹೇನುಗಳು ಹರಡುತ್ತವೆ. ರೋಗಪೀಡಿತ ಎಲೆಗೆ ಕೆಲವೇ ಕ್ಷಣ ಸೂಜಿಬಾಯಿ ಚುಚ್ಚಿದರೆ ಸಾಕು, ಹೇನಿನ ಬಾಯಿಗೆ ನಂಜು ಅಂಟುತ್ತದೆ. ಅಷ್ಟೇ ಶೀಘ್ರವಾಗಿ ಪಕ್ಕದ ಗಿಡಕ್ಕೂ ದಾಟುತ್ತದೆ. ಕೀಟನಾಶಕ ತಗಲಿ ಹೇನು ಸಾಯುವ ಮೊದಲೇ ನಂಜು ದಾಟಿ ಆಗಿರುತ್ತದೆ. ಆದ್ದರಿಂದ ಈ ರೋಗಕ್ಕೆ ಔಷಧಿ ಸಿಂಪಡಿಸುವುದು ಬಹುಮಟ್ಟಿಗೆ ವ್ಯರ್ಥ ಖರ್ಚು.

ಎಲೆ ಮುಟುರು ನಂಜಿನ ವಾಹಕ ಬಿಳಿನೊಣ. ಇದು ನಂಜನ್ನು ಹೀರಿಕೊಳ್ಳಲು ಹೆಚ್ಚು ಕಾಲ ತೆಗೆದುಕೊಳ್ಳುತ್ತದೆಯಾದರೂ ಬಹು ದಿನಗಳವರೆಗೆ ಹೊತ್ತು ತಿರುಗುತ್ತದೆ. ಟೊಮೇಟೊ ಬೆಳೆಗಾರರಿಗೆ ಈ ಕೀಟದ ಪರಿಚಯ ಚೆನ್ನಾಗಿಯೇ ಇದೆ. ಇದರ ಉಗ್ರವಾದ ‘ಬಿ’ ಜೈವಿಕ ಪ್ರಭೇದವು ಭಾರತದಲ್ಲಿ ಮೊದಲು ಪತ್ತೆಯಾದದ್ದು 1999ರಲ್ಲಿ, ಕೋಲಾರ ಜಿಲ್ಲೆಯಲ್ಲಿ. ನಾಲೆಯ ನೀರಿನಿಂದ ವರ್ಷವಿಡೀ ಹಸಿರಾಗಿರುವ ನೆಲದಲ್ಲಿ ಇಂತಹ ಕೀಟಗಳಿಗೆ ಆಸರೆ ತಪ್ಪುವುದಿಲ್ಲ. ಗೆಣಸಿನ ಕುಲಕ್ಕೇ ಸೇರಿದ, ಆಲಿಕೆಯಾಕಾರದ ಹೂ ಬಿಡುವ ಕಾಡುಬಳ್ಳಿಗಳೂ ನಂಜಿಗೆ ಆಶ್ರಯ ನೀಡಬಲ್ಲವು.

ಹತೋಟಿ ಕ್ರಮಗಳು

ರೋಗ ತಗಲಿದ ಬಳ್ಳಿಯನ್ನು ಹೊಲದಲ್ಲಿ ಗುಣಪಡಿಸುವ ಔಷಧಿ ಇಲ್ಲ. ಎಲ್ಲವೂ ನಾಟಿಯ ಬಳ್ಳಿಯನ್ನು ಅವಲಂಬಿಸಿದೆ. 60 x 20 ಸೆಂ.ಮೀ. ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 33 ಸಾವಿರ ತುಂಡುಗಳು ಬೇಕಾಗುತ್ತವೆ. ಇಷ್ಟನ್ನು ಅವಸರದಲ್ಲಿ ನೆರೆಯ ಹೊಲದಿಂದ ತರುವಾಗ ರೋಗವೂ ಜೊತೆಗೆ ಬರುತ್ತದೆ.

ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯು ಸಿಹಿಗೆಣಸಿನ ಬಗ್ಗೆ ಸಂಶೋಧನೆ ನಡೆಸುತ್ತಿದೆ. ಬಳ್ಳಿಯ ತುತ್ತತುದಿಯ ಕಣಗಳಲ್ಲಿ ನಂಜು ವಿರಳವಾಗಿರುವುದರಿಂದ, ಆ ಭಾಗವನ್ನಷ್ಟೇ ಅಂಗಾಂಶ ಕೃಷಿಯಲ್ಲಿ ಬೆಳೆಸಿ ನಂಜುಮುಕ್ತ ಸಸಿ ಪಡೆಯಬಹುದು. ಚೀನಾದ ಶಾಂಡೋಂಗ್ ಪ್ರಾಂತ್ಯದಲ್ಲಿ 1990ರ ದಶಕದಲ್ಲಿ ಇಂತಹ ಬಳ್ಳಿಯ ಬಳಕೆಯಿಂದ ಇಳುವರಿ ಶೇ. 30ಕ್ಕೂ ಹೆಚ್ಚು ಏರಿತು.

ಇಂತಹ ಬಳ್ಳಿ ದೊರೆಯದಿದ್ದಲ್ಲಿ, ಸಸ್ಯಪಾತಿಯನ್ನು ಪ್ರತ್ಯೇಕವಾಗಿ, ಹಳೆಯ ಗೆಣಸಿನ ಹೊಲದಿಂದ ದೂರದಲ್ಲಿ ಮಾಡಿಕೊಳ್ಳಬೇಕು. ಗೆಡ್ಡೆಯಿಂದ ಹೊಸ ಬಳ್ಳಿ ಚಿಗುರಿಸಿದರೆ ರೋಗ ಹೋಗುತ್ತದೆಂಬ ನಂಬಿಕೆ ಸರಿಯಲ್ಲ, ಗೆಡ್ಡೆಯೂ ರೋಗಿಯೇ. ತಾಯಿ ಬಳ್ಳಿಗಳನ್ನು ಬೆಳೆ ಎಳೆಯದಿರುವಾಗಲೇ, ಅಂದರೆ ಲಕ್ಷಣಗಳು ಸ್ಪಷ್ಟವಾಗಿ ಕಾಣುವ ಮೊದಲ ತಿಂಗಳಲ್ಲಿಯೇ, ಗುರುತು ಕಟ್ಟಿ ಆರಿಸಿಟ್ಟುಕೊಳ್ಳುವುದು ಉತ್ತಮ. ಅದೇ ಅವಧಿಯಲ್ಲಿ ರೋಗದ ಗಿಡಗಳನ್ನು ಬೇರುಸಹಿತ ಕಿತ್ತು ನಾಶಪಡಿಸಬೇಕು. ಬಿಳಿನೊಣದ ಬರವನ್ನು ಅರಿಯಲು ಹಳದಿ ಅಂಟು ಹಲಗೆಗಳು ಸಹಾಯಕ.

ನಂಜು ತಗಲಿದ ಗೆಡ್ಡೆಯನ್ನು ತಿನ್ನುವುದರಿಂದ ಮನುಷ್ಯರಿಗೆ ಯಾವ ಅಪಾಯವೂ ಇಲ್ಲ. ಬಳ್ಳಿಯನ್ನು ದನಗಳಿಗೆ ಮೇವಾಗಿ ಹಾಕಬಹುದು. ಕೊಯ್ಲಿನ ನಂತರ ಮಣ್ಣಿನಲ್ಲಿ ಉಳಿದ ಸಣ್ಣ ಗೆಡ್ಡೆಗಳನ್ನು ಮಾತ್ರ ಆಯ್ದು ತೆಗೆಯಬೇಕು. ಅವು ಮುಂದಿನ ಮಳೆಗೆ ತಾವಾಗಿಯೇ ಚಿಗುರಿ, ಹೊಸ ನಾಟಿಯ ನಡುವೆ ನಂಜಿನ ಮೂಲವಾಗಿ ನಿಲ್ಲುತ್ತವೆ.