ಅಲ್ಟ್ರಾಲೈಟ್ ಆರೋಹಣ ಚೀಲ

ಬಂಡೆ ಮತ್ತು ಹಿಮದ ದಾರಿಗಳನ್ನು ಹತ್ತುವವರು ಬೆನ್ನಿಗೇರಿಸಿಕೊಳ್ಳುವ, ಅನಗತ್ಯ ಜೋಡಣೆಗಳನ್ನೆಲ್ಲ ಕಳಚಿ ತೂಕ ಇಳಿಸಿದ ಚೀಲ. 40 ಲೀಟರಿನ ಸಾಮಾನ್ಯ ಟ್ರೆಕ್ಕಿಂಗ್ ಬ್ಯಾಗು ಒಂದೂವರೆ ಕಿಲೋ ಆಸುಪಾಸು ತೂಗಿದರೆ, ಅದೇ ಗಾತ್ರದ ಈ ಚೀಲ ಸಾಮಾನ್ಯವಾಗಿ ಅರ್ಧದಿಂದ ಒಂದು ಕಿಲೋದೊಳಗೆ ಇರುತ್ತದೆ. ತೂಕ ಇಳಿಸಿದಷ್ಟೂ ಬಾಳಿಕೆ ಕುಗ್ಗುವ ಅಪಾಯವಿದೆ. ಎಲ್ಲಿ ಇಳಿಸಬೇಕು, ಎಲ್ಲಿ ಬಿಡಬೇಕು ಎಂಬುದೇ ಇದರ ವಿನ್ಯಾಸದ ಮುಖ್ಯ ಪ್ರಶ್ನೆ.

ಹಗುರ ಹೊರೆಯ ವಿಚಾರ ಎರಡು ಕಡೆಯಿಂದ ಬಂತು. 1975ರಲ್ಲಿ ರೈನ್‌ಹೋಲ್ಡ್ ಮೆಸ್ನರ್ ಮತ್ತು ಪೀಟರ್ ಹಾಬೆಲರ್ ಇಬ್ಬರೇ ಗಾಶರ್‌ಬ್ರಮ್-1 ಶಿಖರವನ್ನು ಆಲ್ಪೈನ್ ಶೈಲಿಯಲ್ಲಿ ಏರಿ, ಬೇಕಾದುದೆಲ್ಲವನ್ನೂ ಬೆನ್ನ ಮೇಲೆಯೇ ಹೊತ್ತು ಎಂಟು ಸಾವಿರ ಮೀಟರ್ ಮುಟ್ಟಬಹುದೆಂದು ತೋರಿಸಿದರು. ಇನ್ನೊಂದು ಕಡೆ ಅಮೆರಿಕದ ರೇ ಜಾರ್ಡಿನ್ 1990ರ ದಶಕದಲ್ಲಿ ದೂರದ ಕಾಲ್ನಡಿಗೆಗೆ ಕೈಯಾರೆ ಹೊಲಿದ ಚೌಕಟ್ಟಿಲ್ಲದ ಚೀಲವನ್ನು ಪ್ರಚಾರಕ್ಕೆ ತಂದರು. ಬಂಡೆಯ ಬಿರುಕಿಗೆ ಸಿಕ್ಕಿಸುವ ‘ಫ್ರೆಂಡ್ಸ್’ ಎಂಬ ಸ್ಪ್ರಿಂಗ್ ಸಾಧನವನ್ನು ರೂಪಿಸಿದವರೂ ಅವರೇ. ಆದರೂ ಅವರ ಚೀಲ ನಡೆಯುವವರಿಗೆಂದು ಹುಟ್ಟಿದ್ದು. ನಡೆಯುವವನ ಚೀಲಕ್ಕೆ ಹೆಚ್ಚಾಗಿ ಉಜ್ಜುವುದು ಅವನ ಬೆನ್ನು. ಹತ್ತುವವನ ಚೀಲಕ್ಕೆ ಉಜ್ಜುವುದು ಬೆಟ್ಟ. ಕಾಲ್ನಡಿಗೆಯ ಲೆಕ್ಕಾಚಾರವನ್ನು ಹಾಗೆಯೇ ಬಂಡೆಗೆ ಒಯ್ದ ಚೀಲಗಳು ಬೇಗ ತೂತು ಬೀಳಲು ಇದೇ ಕಾರಣ.

ಬಟ್ಟೆಯ ನೂಲನ್ನು ಡೆನಿಯರ್‌ನಲ್ಲಿ ಅಳೆಯುತ್ತಾರೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಹಳೆಯ ಗಟ್ಟಿ ಚೀಲಗಳಲ್ಲಿ 500ರಿಂದ 1000 ಡೆನಿಯರಿನ ಕಾರ್ಡುರಾ ನೈಲಾನ್ ಇದ್ದರೆ, ಹಗುರ ಚೀಲಗಳಲ್ಲಿ 210 ಡೆನಿಯರಿನ ಆಸುಪಾಸಿನ ರಿಪ್‌ಸ್ಟಾಪ್ ಸಾಮಾನ್ಯ. ಇದರಲ್ಲಿ ನಡುನಡುವೆ ದಪ್ಪ ಎಳೆಗಳ ಚೌಕುಳಿ ಇದ್ದು ಹರಿದದ್ದು ಮುಂದೆ ಹಬ್ಬದಂತೆ ತಡೆಯುತ್ತದೆ. ಲೇಪನದ ಪಾತ್ರವೂ ಇದೆ. ಸಿಲಿಕೋನ್ ಲೇಪನದಲ್ಲಿ ಎಳೆಗಳು ತುಸು ಸರಿದು ಭಾರ ಹಂಚಿಕೊಳ್ಳುವುದರಿಂದ ಬಟ್ಟೆ ಸುಲಭಕ್ಕೆ ಹರಿಯದು. ಎಳೆಗಳನ್ನು ಬಿಗಿಹಿಡಿಯುವ ಪಾಲಿಯುರಿಥೇನ್ ಲೇಪನದಲ್ಲಿ ಈ ಗುಣ ಕಡಿಮೆ.

ಹೆಚ್ಚು ಹೆಸರು ಮಾಡಿದ ವಸ್ತು ಡೈನೀಮಾ. ಇದು ನೀರಿನಲ್ಲಿ ತೇಲುವಷ್ಟು ಹಗುರವಾದ ಪಾಲಿಎಥಿಲೀನ್ ಎಳೆ. ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ ಎಷ್ಟೋ ಪಟ್ಟು ಬಲಶಾಲಿ. ಈ ಎಳೆಗಳನ್ನು ನೇಯದೆ, ಎರಡು ಪಾಲಿಯೆಸ್ಟರ್ ಪೊರೆಗಳ ನಡುವೆ ಹರಡಿ ಅಂಟಿಸಿದ ಹಾಳೆ ಮೊದಲು ಪಂದ್ಯದ ಹಾಯಿದೋಣಿಗಳಿಗಾಗಿ ಬಂತು. 1992ರ ಅಮೆರಿಕಾಸ್ ಕಪ್ ಗೆದ್ದ ‘ಅಮೆರಿಕ ಕ್ಯೂಬ್ಡ್’ ದೋಣಿಯ ನೆನಪಿಗೆ ಅದನ್ನು ಕ್ಯೂಬೆನ್ ಫೈಬರ್ ಎಂದು ಕರೆದರು. 2015ರಲ್ಲಿ ನೆದರ್ಲೆಂಡ್ಸಿನ ಡಿಎಸ್‌ಎಂ ಕಂಪನಿ ಅದರ ತಯಾರಕರನ್ನು ಕೊಂಡ ಮೇಲೆ ಡೈನೀಮಾ ಕಾಂಪೋಸಿಟ್ ಎಂಬ ಹೆಸರು ನಿಂತಿತು. ಹಾಯಿ ಗಾಳಿಯ ಎಳೆತವನ್ನು ತಾಳಿದರೆ ಸಾಕು. ಅದನ್ನು ಯಾರೂ ಗ್ರಾನೈಟಿಗೆ ತಿಕ್ಕುವುದಿಲ್ಲ. ಎಳೆ ಎಷ್ಟೇ ಗಟ್ಟಿಯಿದ್ದರೂ ಮೇಲಿನ ತೆಳು ಪೊರೆ ಕಲ್ಲಿಗೆ ಸವೆಯುತ್ತದೆ, ಹಿಮದಲ್ಲಿ ಬೂಟಿಗೆ ಕಟ್ಟುವ ಕ್ರ್ಯಾಂಪಾನಿನ ಹಲ್ಲಿಗೆ ತೂತಾಗುತ್ತದೆ. ಆದ್ದರಿಂದ ಆರೋಹಣ ಚೀಲಗಳಲ್ಲಿ ಇದರ ಹೊರಮೈಗೆ ಪಾಲಿಯೆಸ್ಟರ್ ಬಟ್ಟೆಯೊಂದನ್ನು ಅಂಟಿಸುತ್ತಾರೆ. ಆಗ ಉಳಿಸಿದ ತೂಕದಲ್ಲಿ ಒಂದು ಪಾಲು ವಾಪಸು ಬರುತ್ತದೆ. ಸವೆತಕ್ಕೆ ನಿಜಕ್ಕೂ ನಿಲ್ಲುವುದು ಡೈನೀಮಾವನ್ನು ನೇಯ್ದು ಮಾಡಿದ ಬಟ್ಟೆ. ಅದು ದುಬಾರಿ, ಬಣ್ಣವನ್ನೂ ಸುಲಭಕ್ಕೆ ಹಿಡಿಯದು.

ಕಾರ್ಖಾನೆಗಳಲ್ಲಿ ಟೇಬರ್ ಯಂತ್ರದ ಉಜ್ಜುಚಕ್ರಗಳ ಕೆಳಗೆ ಬಟ್ಟೆ ತಿರುಗಿಸಿ ಸವೆತ ಅಳೆಯುತ್ತಾರೆ. ಬೆಟ್ಟದಲ್ಲಿ ಆಗುವುದು ಬೇರೆ. ಇಕ್ಕಟ್ಟಾದ ಚಿಮಣಿ ಬಿರುಕಿನಲ್ಲಿ ಚೀಲವನ್ನು ಹಗ್ಗದಿಂದ ಎಳೆಯುವಾಗ ಒಳಗಿರುವ ಸ್ಟವ್‌ನ ಅಂಚೋ ಹಗ್ಗ ಸಿಕ್ಕಿಸುವ ಕ್ಯಾರಬೀನರ್ ಕೊಂಡಿಯ ಮೂಗೋ ಬಟ್ಟೆಯನ್ನು ಒಂದೇ ಬಿಂದುವಿನಲ್ಲಿ ಕಲ್ಲಿಗೆ ಒತ್ತಿಹಿಡಿಯುತ್ತದೆ. ಮೊದಲು ಹೋಗುವುದು ತಳದ ಮೂಲೆಗಳು, ಆಮೇಲೆ ಭುಜಪಟ್ಟಿಯ ಬುಡದ ಹೊಲಿಗೆ. ತಳಕ್ಕೆ ದಪ್ಪ ಬಟ್ಟೆ, ಮೇಲಿನ ಭಾಗಕ್ಕೆ ತೆಳು ಬಟ್ಟೆ ಹಾಕಿದ ಚೀಲಗಳೇ ಹೆಚ್ಚು ಬುದ್ಧಿವಂತಿಕೆಯವು.

ಬಟ್ಟೆಯಲ್ಲಿ ಉಳಿಯುವುದಾದರೂ ಎಷ್ಟು? 40 ಲೀಟರಿನ ಚೀಲಕ್ಕೆ ಸುಮಾರು 0.8 ಚದರ ಮೀಟರ್ ಬಟ್ಟೆ ಬೇಕು. ಚದರ ಮೀಟರಿಗೆ 300 ಗ್ರಾಂ ತೂಗುವುದನ್ನು ಬಿಟ್ಟು 150 ಗ್ರಾಂನದು ಹಾಕಿದರೆ ಇಳಿಯುವುದು 120 ಗ್ರಾಂ, ಅಂದರೆ ಅರ್ಧ ಲೋಟ ನೀರಿನಷ್ಟು. ಅದೇ ಅಲ್ಯುಮಿನಿಯಂ ಚೌಕಟ್ಟು, ಮೆತ್ತೆಯ ಸೊಂಟಪಟ್ಟಿ, ಮೇಲ್ಮುಚ್ಚಳ ಮೂರನ್ನೂ ತೆಗೆದರೆ ಅರ್ಧ ಕಿಲೋ ಹತ್ತಿರ ಉಳಿಯುತ್ತದೆ. ಸೊಂಟಕ್ಕೆ ಹಾರ್ನೆಸ್ ತೊಟ್ಟವನಿಗೆ ಸೊಂಟಪಟ್ಟಿ ಹೇಗೂ ಅಡ್ಡಿ. ಚೌಕಟ್ಟಿನ ಬದಲು ಮಡಿಸಿದ ಫೋಮ್ ಹಾಳೆಯೊಂದನ್ನು ಬೆನ್ನಿಗೆ ಸೇರಿಸಿದರೆ ರಾತ್ರಿ ಕಟ್ಟೆಯ ಮೇಲೆ ತಂಗುವಾಗ ಅದೇ ಆಸನವಾಗುತ್ತದೆ. ಹೊರೆ ಹತ್ತು ಹನ್ನೆರಡು ಕಿಲೋ ದಾಟಿದರೆ ಮಾತ್ರ ಭುಜ ನೋಯಲು ಶುರುವಾಗುತ್ತದೆ. ಬಾಳಿಕೆ ಕಾಯ್ದುಕೊಂಡು ತೂಕ ಇಳಿಸಬೇಕೆಂದರೆ ಕತ್ತರಿ ಹಾಕಬೇಕಾದದ್ದು ಮೊದಲು ಜೋಡಣೆಗಳಿಗೆ, ಬಟ್ಟೆಗೆ ಕಡೆಯಲ್ಲಿ.

ದಿನಗಟ್ಟಲೆ ಸಾಮಾನು ಎಳೆಯುವ ದೊಡ್ಡ ಗೋಡೆಗಳಲ್ಲಿ ಈ ಚರ್ಚೆಗೇ ಜಾಗವಿಲ್ಲ. ಗಢವಾಲದ ಮೇರು ಶಿಖರದಲ್ಲಿ 2011ರಲ್ಲಿ ಮೊದಲು ಏರಲ್ಪಟ್ಟ ‘ಶಾರ್ಕ್ಸ್ ಫಿನ್’ ಅಂಥದ್ದೊಂದು ಗೋಡೆ. ಅಂಥಲ್ಲಿ ಬೇಕಾದದ್ದು ದಪ್ಪ ಲೇಪನದ, ಖಾಲಿಯಿದ್ದರೂ ಕಿಲೋಗಟ್ಟಲೆ ತೂಗುವ ಹಾಲ್ ಬ್ಯಾಗು.

ರಿಪೇರಿಯ ದೃಷ್ಟಿಯಿಂದ ನೈಲಾನ್ ಮೇಲು. ಸೂಜಿ, ದಾರ, ಒಂದು ತೇಪೆ ಸಾಕು. ಅಂಟಿಸಿದ ಹಾಳೆಗಳಲ್ಲಿ ಸೂಜಿಯ ತೂತೇ ದುರ್ಬಲ ಜಾಗವಾಗುವುದರಿಂದ ಅಂಟುಪಟ್ಟಿ ಬಳಸಬೇಕು. ಹಾಳೆಯ ಮೈ ಒರೆಸಿ ಒಣಗಿಸದಿದ್ದರೆ ಪಟ್ಟಿ ಹಿಡಿಯುವುದಿಲ್ಲ.

ಕರ್ನಾಟಕದ ಬಂಡೆಗಳ ಮಟ್ಟಿಗೆ ಹೇಳುವುದಾದರೆ, ಸಾವನದುರ್ಗದ ಗ್ರಾನೈಟಿನಲ್ಲಿ ಹಲವು ಹಂತಗಳ ದಾರಿ ಹತ್ತುವಾಗ ನೀರು, ಊಟ, ಇಳಿಯಲು ಬೇಕಾದ ಪಾದರಕ್ಷೆಗೆಂದು ಸಣ್ಣ ಗಟ್ಟಿ ಚೀಲ ಉಪಯೋಗಕ್ಕೆ ಬರುತ್ತದೆ. ಬಾದಾಮಿಯ ಮರಳುಗಲ್ಲಿನ ಒಂದೇ ಹಂತದ ಬೋಲ್ಟ್ ದಾರಿಗಳಲ್ಲಿ ಚೀಲ ಬಂಡೆಯ ಬುಡದಲ್ಲೇ ಉಳಿಯುವುದರಿಂದ ಅಲ್ಲಿಗೆ ಯಾವ ಬ್ಯಾಗಾದರೂ ನಡೆಯುತ್ತದೆ.