ಬೆನ್ನ ಮೇಲೆ ಬಂದ ಹುಡುಗ



2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ನಮ್ಮ ಪುಣೆಯ ಸದಾಶಿವ ಪೇಟೆಯ ಮೆಸ್‌ಗಳಿಗೆ ಬೀಗ ಬಿತ್ತು. ಪರೀಕ್ಷೆಗೆ ಓದಲು ಬಂದಿದ್ದ ಎಷ್ಟೋ ಹುಡುಗ ಹುಡುಗಿಯರು ಬಾಡಿಗೆ ಕೋಣೆಗಳಲ್ಲೇ ಸಿಕ್ಕಿಕೊಂಡರು. ಅವರಿಗೆ ಊಟ ತಲುಪಿಸಿದವರಲ್ಲಿ ಅವರದೇ ವಯಸ್ಸಿನವರೂ ಇದ್ದರು. ಡಬ್ಬಿ ಬಾಗಿಲಲ್ಲಿಟ್ಟು ದೂರ ನಿಲ್ಲಬೇಕು. ಮಾಸ್ಕಿನ ಹಿಂದಿನ ಮುಖ ಕಾಣುತ್ತಿರಲಿಲ್ಲ.

ಈ ಊರು ಇಂಥ ದಿನಗಳನ್ನು ಮೊದಲೂ ಕಂಡಿತ್ತು. 1897ರ ಪ್ಲೇಗ್‌ನಲ್ಲಿ ಬ್ರಿಟಿಷ್ ಅಧಿಕಾರಿ ರ‍್ಯಾಂಡ್ ಸೈನಿಕರನ್ನು ಮನೆಮನೆಗೆ ನುಗ್ಗಿಸಿದ. ಹೆದರಿದ ಜನ ರೋಗಿಗಳನ್ನು ಬಚ್ಚಿಟ್ಟರು. ಜೂನ್ 22ರ ರಾತ್ರಿ ಚಾಪೇಕರ್ ಸೋದರರು ಅವನ ಮೇಲೆ ಗುಂಡು ಹಾರಿಸಿದರು. ಆ ಸಿಟ್ಟಿನ ಕಥೆ ಎಲ್ಲರಿಗೂ ಗೊತ್ತು.

ಅದೇ ವರ್ಷದ ಇನ್ನೊಂದು ಕಥೆಯೂ ಇದೆ. ಸಾವಿತ್ರಿಬಾಯಿ ಫುಲೆ ಮತ್ತು ಅವರ ದತ್ತುಮಗ, ಇನ್ನೂ ಮೂವತ್ತು ದಾಟದ ವೈದ್ಯ ಯಶವಂತ, ಹಡಪಸರದ ಬಳಿ ಊರಾಚೆ ದವಾಖಾನೆ ತೆರೆದರು. ಮುಂಢವಾದ ದಲಿತ ಕೇರಿಯ ಬಾಲಕನೊಬ್ಬನಿಗೆ ಪ್ಲೇಗ್ ತಗುಲಿದಾಗ ಆ ತಾಯಿ ಅವನನ್ನು ಬೆನ್ನ ಮೇಲೆ ಹೊತ್ತು ತಂದರಂತೆ. ಹುಡುಗ ಉಳಿದ. ಮಾರ್ಚ್ 10ರಂದು ಅವರು ಅದೇ ರೋಗಕ್ಕೆ ಬಲಿಯಾದರು. 1905ರಲ್ಲಿ ಯಶವಂತರನ್ನೂ ಪ್ಲೇಗೇ ಕೊಂಡೊಯ್ದಿತು.

ಅಂದು ನೆರವಾಗಲು ಮುಟ್ಟಬೇಕಿತ್ತು, 2020ರಲ್ಲಿ ಮುಟ್ಟದೆ ದೂರ ನಿಲ್ಲಬೇಕಿತ್ತು. ಆದರೆ ಎರಡು ಸಲವೂ ಯಾರೋ ಒಬ್ಬರು ತಮ್ಮ ಮನೆಯ ಹೊಸ್ತಿಲು ದಾಟಿದ್ದರು.

ಆ ದಿನಗಳಲ್ಲಿ ನಿಮ್ಮ ಬಾಗಿಲಿಗೆ ಡಬ್ಬಿ ತಂದವರ ನಂಬರು ಇನ್ನೂ ಫೋನಿನಲ್ಲಿದೆಯೇ? ಇವತ್ತೊಮ್ಮೆ ಮಾತಾಡಿಸಿ ನೋಡಿ. ಮತ್ತೆ ಸಿಗೋಣ.