ಅವರಿಗೆ ಸೆಕೆ ಆಗಲಿಲ್ವಾ?

ಜೂಲ್ಸ್ ವರ್ನ್‌ನ ಭೂಗರ್ಭಯಾತ್ರೆಯ ಕಾದಂಬರಿಯನ್ನು ನಾನು ಮೊದಲು ಓದಿದ್ದು ಕೆಜಿಎಫ್‌ನಲ್ಲಿ, ಏಳನೇ ಕ್ಲಾಸಿನಲ್ಲಿದ್ದಾಗ. ಮಕ್ಕಳಿಗಾಗಿ ಮೊಟಕು ಮಾಡಿದ ಪ್ರತಿ ಅದು. ಪ್ರೊಫೆಸರ್ ಲಿಡೆನ್‌ಬ್ರಾಕ್, ಅವನ ಬಂಧುವಾದ ಹುಡುಗ ಆಕ್ಸೆಲ್, ದಾರಿ ತೋರುವ ಹಾನ್ಸ್, ಈ ಮೂವರು ಐಸ್‌ಲ್ಯಾಂಡಿನ ಜ್ವಾಲಾಮುಖಿಯೊಂದರಲ್ಲಿ ಇಳಿದು ಇಟಲಿಯ ಸ್ಟ್ರಾಂಬೋಲಿಯಲ್ಲಿ ಹೊರಬರುತ್ತಾರೆ. ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದಿದ್ದ ತಾತನಿಗೆ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಅವರಿಗೆ ಸೆಕೆ ಆಗಲಿಲ್ವಾ?"

ನನ್ನಲ್ಲಿ ಉತ್ತರವಿರಲಿಲ್ಲ. ಈಚೆಗೆ ಪುಣೆಯಲ್ಲಿ ಮಗಳಿಗೆಂದು ಪೂರ್ತಿ ಅನುವಾದ ತಂದು ಓದಿದಾಗ, ತಾತನ ಪ್ರಶ್ನೆ ಪುಸ್ತಕದಲ್ಲೇ ಇರುವುದು ಕಂಡಿತು. ಕೇಳುವವನು ಆಕ್ಸೆಲ್. ಎಪ್ಪತ್ತು ಅಡಿ ಇಳಿದರೆ ಒಂದು ಡಿಗ್ರಿ ಶಾಖ ಏರುತ್ತದಲ್ಲ ಎಂದು ಅವನು ವಾದಿಸುತ್ತಾನೆ. ಪ್ರೊಫೆಸರ್ ರಸಾಯನವಿಜ್ಞಾನಿ ಹಂಫ್ರಿ ಡೇವಿಯ ಹೆಸರು ಹೇಳಿ ಅವನ ಬಾಯಿ ಮುಚ್ಚಿಸುತ್ತಾನೆ: ಭೂಮಿಯ ಒಳಗೆ ಬೆಂಕಿಯಿಲ್ಲ, ನೀರು ತಾಗಿದ ಲೋಹಗಳಿಂದ ಮೇಲ್ಪದರವಷ್ಟೇ ಕಾಯುತ್ತದೆ!

ಕಾದಂಬರಿ ಬಂದದ್ದು 1864ರಲ್ಲಿ. ಅದಕ್ಕೂ ಮೊದಲೇ, 1827ರಲ್ಲಿ, ಫ್ರಾನ್ಸಿನ ಭೂವಿಜ್ಞಾನಿ ಲೂಯಿ ಕೋರ್ಡಿಯೆ ಗಣಿಗಳ ಶಾಖದ ಅಳತೆಗಳನ್ನು ಮುಂದಿಟ್ಟು, ಆಳ ಹೆಚ್ಚಿದಂತೆ ಬಿಸಿ ಏರುತ್ತದೆಂದು ಪ್ರಕಟಿಸಿದ್ದ. ಅಂದರೆ ಭೂಮಿಯ ಒಳಗಿನ ಬಿಸಿಯನ್ನು ಜಗತ್ತು ತಿಳಿದದ್ದು ಗಣಿಗಳಿಂದ. ವರ್ನ್‌ಗೆ ಕಥೆ ಮುಂದೆ ಸಾಗಬೇಕಿತ್ತು, ಹಾಗಾಗಿ ಪ್ರೊಫೆಸರನನ್ನು ಗೆಲ್ಲಿಸಿದ. ನನ್ನ ಮುಖ್ಯ ತಕರಾರು ಇದೇ. ಅಳತೆಗಿಂತ ಹಠ ದೊಡ್ಡದು ಎಂಬ ಪಾಠ ಮಗುವಿಗೆ ಸಲೀಸಾಗಿ ಇಳಿದುಬಿಡುತ್ತದೆ.

ಇನ್ನೊಂದು ತಕರಾರು ಹಾನ್ಸ್ ಬಗ್ಗೆ. ಹೊರೆ ಅವನದು, ಗುದ್ದಲಿ ಅವನದು. ಪ್ರತಿ ಶನಿವಾರ ಸಂಜೆ ಕೂಲಿ ತೆಗೆದುಕೊಳ್ಳುತ್ತಾನೆ. ಮಾತು ಮಾತ್ರ ಹೆಚ್ಚುಕಮ್ಮಿ ಇಲ್ಲ. ಬಾಯಾರಿ ಸಾಯುವ ಹೊತ್ತಿನಲ್ಲಿ ಬಂಡೆಯೊಡೆದು ನೀರು ಹರಿಸುವವನೂ ಅವನೇ. ಆ ನೀರು ಕುದಿಯುತ್ತಿತ್ತು! ಶಾಖಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ? ತಣ್ಣಗಾಗುತ್ತದೆ ಬಿಡು ಎಂದು ಪ್ರೊಫೆಸರ್ ಮುಂದೆ ನಡೆಯುತ್ತಾನೆ.

ನಮ್ಮ ಕೋಲಾರದ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ತಳದ ಬಂಡೆ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಯಂತ್ರದಿಂದ ತಂಪುಗಾಳಿ ಕಳಿಸಿ ಜನರನ್ನು ದುಡಿಸಿದರು. ರಷ್ಯಾದ ಕೋಲಾ ಎಂಬಲ್ಲಿ ಕೊರೆದ ಬಾವಿ 1989ರಲ್ಲಿ 12,262 ಮೀಟರ್ ಮುಟ್ಟಿತು. ಅಲ್ಲಿ ಸುಮಾರು 180 ಡಿಗ್ರಿ. ಮುಂದೆ ಕೊರೆಯಲಾಗಲಿಲ್ಲ. ಭೂಮಿಯ ನಡುವಿಗೆ ಇರುವ ದೂರ ಸುಮಾರು 6,370 ಕಿಲೋಮೀಟರ್.

ಆದರೂ ವರ್ನ್‌ನ ಒಂದು ಪ್ರಾಮಾಣಿಕತೆಯನ್ನು ಒಪ್ಪಲೇಬೇಕು. ಎಲ್ಲ ಮುಗಿದು, ಪ್ರೊಫೆಸರನ ಕೀರ್ತಿ ಹರಡಿದ ಮೇಲೂ ಆಕ್ಸೆಲ್ ತನ್ನ ಮಾತು ಬಿಡುವುದಿಲ್ಲ. ಭೂಗರ್ಭದಲ್ಲಿ ಶಾಖವಿದೆ ಎಂದೇ ನಂಬುತ್ತೇನೆ ಎನ್ನುತ್ತಾನೆ. ನಾನು ಓದಿದ ಮೊಟಕು ಪ್ರತಿಯಲ್ಲಿ ಡೈನೋಸಾರ್ ಕಾಲದ ಪ್ರಾಣಿಗಳ ಕಾದಾಟವಿತ್ತು, ಈ ಮಾತು ಇರಲಿಲ್ಲ.

ಮಗಳಿಗೆ ಪೂರ್ತಿ ಪುಸ್ತಕವನ್ನೇ ಕೊಟ್ಟಿದ್ದೇನೆ. ಹಾನ್ಸ್ ಬಂಡೆ ಒಡೆಯುವ ಅಧ್ಯಾಯಕ್ಕೆ ಬಂದಾಗ ತಾತನ ಪ್ರಶ್ನೆಯನ್ನು ಅವಳಿಗೂ ಕೇಳಬೇಕು.